ಮನೆ ತುಂಬ ನಾಯಿ ಕೂದಲು, ಬೋಳಿಸಿಬಿಡಲಾ?

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಇದ್ದಾನೆ. ವರ್ಷವಿಡೀ ಕೂದಲು ಉದುರುತ್ತದೆ, ಚಾವಡಿ ಗುಡಿಸಿ ತಿರುಗುವಷ್ಟರಲ್ಲಿ ಮತ್ತೆ ಅಷ್ಟೇ. ಊಟದ ಬಟ್ಟಲಲ್ಲೂ ಕೂದಲು ಸಿಕ್ಕಿತು ಅಂತ ಅತ್ತೆ ಅವನನ್ನು ಹೊರಗೆ ಕಟ್ಟಲು ಹೇಳುತ್ತಿದ್ದಾರೆ. ಪೂರ್ತಿ ಬೋಳಿಸಿ, ಸೆಕೆಗೂ ಒಳ್ಳೆಯದು ಅಂತ ನೆರೆಮನೆಯವರು. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೋಳಿಸಬೇಡಿ, ದಯವಿಟ್ಟು. ಲ್ಯಾಬ್ರಡಾರಿಗೆ ಎರಡು ಪದರ ಕೂದಲು. ಮೇಲಿನದ್ದು ಒರಟು, ಅಡಿಯದ್ದು ಹತ್ತಿಯಂತೆ ಮೆತ್ತಗೆ. ಬಿಸಿಲು, ಮಳೆ ಎರಡನ್ನೂ ತಡೆಯುವುದು ಆ ಮೇಲಿನ ಪದರವೇ. ಅದನ್ನು ತೆಗೆದರೆ ಚರ್ಮ ಬಿಸಿಲಿಗೆ ಸುಡುತ್ತದೆ, ಕೆಲವು ನಾಯಿಗಳಿಗೆ ಮತ್ತೆ ಕೂದಲು ಸರಿಯಾಗಿ ಬರುವುದೇ ಇಲ್ಲ. ಇಷ್ಟೆಲ್ಲ ಆಗಿಯೂ ಉದುರುವುದು ನಿಲ್ಲುವುದಿಲ್ಲ, ಗಿಡ್ಡ ಕೂದಲು ಉದುರಿ ಸೋಫಾಕ್ಕೆ ಚುಚ್ಚಿಕೊಳ್ಳುತ್ತದೆ.

ಪೂರ್ತಿ ನಿಲ್ಲಿಸುವ ಔಷಧಿ ಯಾವುದೂ ಇಲ್ಲ. ಹಗಲು ಉದ್ದವಾಗುವುದು, ಗಿಡ್ಡವಾಗುವುದು ನೋಡಿಕೊಂಡು ನಾಯಿಯ ಮೈ ಕೂದಲು ಬದಲಿಸುತ್ತದೆ. ಮನೆಯೊಳಗೆ ಮಲಗುವ ನಾಯಿಗೆ ರಾತ್ರಿಯೂ ಲೈಟು, ಜತೆಗೆ ನಮ್ಮ ಕಡೆ ಚಳಿಯೂ ಅಷ್ಟಕ್ಕಷ್ಟೆ, ಹಾಗಾಗಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ. ಆ ಕೂದಲು ಚಾವಡಿಗೆ ಬೀಳುವ ಮೊದಲೇ ಬ್ರಷ್ಷಿಗೆ ಬಂದರೆ ನಿಮ್ಮ ಅರ್ಧ ಸಮಸ್ಯೆ ಮುಗಿಯಿತು.

ದಿನಾ ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಿಸಿ ಬಾಚಿ. ಮೊದಲು ರಬ್ಬರ್ ಬ್ರಷ್ಷಿನಿಂದ ಮೈಯೆಲ್ಲ ಉಜ್ಜಿ, ಆಮೇಲೆ ಒಳಪದರ ತೆಗೆಯುವ ಬಾಚಣಿಗೆಯನ್ನು ಕೂದಲು ಬಾಗಿದ ಕಡೆಗೇ ಹಗುರಾಗಿ ಎಳೆಯಿರಿ. ತೊಡೆಯ ಹಿಂಭಾಗ, ಕುತ್ತಿಗೆಯ ಸುತ್ತ, ಬಾಲದ ಬುಡ ಬಿಡಬೇಡಿ. ಅಲ್ಲಿ ಎರಡು ಬೆರಳಲ್ಲಿ ಮೆಲ್ಲ ಹಿಡಿದೆಳೆದು ನೋಡಿ, ಸತ್ತ ಕೂದಲು ಉಂಡೆ ಉಂಡೆಯಾಗಿ ಕೈಗೆ ಬರುತ್ತದೆ, ನಾಯಿಗೆ ನೋವೂ ಆಗುವುದಿಲ್ಲ. ಹಾಗೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ಅಂತಲೂ ನೋಡಿಬಿಡಿ.

ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ನಾಯಿಯ ಶಾಂಪೂವೇ ಆಗಬೇಕು, ನಮ್ಮದು ಅವುಗಳ ಚರ್ಮಕ್ಕೆ ಹಿಡಿಸುವುದಿಲ್ಲ. ಮಳೆಗಾಲದಲ್ಲಿ ಸ್ನಾನಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಅಡಿಯಲ್ಲಿ ಒದ್ದೆ ಹಾಗೇ ಇರುತ್ತದೆ, ಎರಡು ದಿನದಲ್ಲಿ ವಾಸನೆ, ತುರಿಕೆ, ಫಂಗಸ್. ಟವೆಲ್ಲಿನಿಂದ ಒರೆಸಿ, ಫ್ಯಾನಿನಡಿ ಕೂರಿಸಿ, ಕೂದಲು ಸರಿಸಿ ಬುಡ ಮುಟ್ಟಿ ನೋಡಿ.

ಊಟಕ್ಕೆ ಬರೀ ಗಂಜಿ ಹಾಕುತ್ತಿದ್ದರೆ ಅದನ್ನು ಬದಲಿಸಿ. ಕೂದಲು ಆಗುವುದೇ ಪ್ರೋಟೀನಿನಿಂದ. ಮೊಟ್ಟೆ, ಕೋಳಿ ಕೊಡಿ. ಮಲ್ಪೆಯಲ್ಲಿದ್ದೀರಿ, ಬೂತಾಯಿ, ಬಂಗುಡೆ ಸಿಗುತ್ತದಲ್ವಾ, ಅದರಲ್ಲಿರುವ ಒಮೆಗಾ 3 ಚರ್ಮಕ್ಕೆ ತುಂಬಾ ಒಳ್ಳೆಯದು. ಉಪ್ಪು, ಖಾರ, ಈರುಳ್ಳಿ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆರಡು ಸಲ ಸ್ವಲ್ಪ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗಿಳಿಯದೆ ಮೀನು ದುಬಾರಿಯಾಗುತ್ತದೆ, ಆಗ ಅದರ ಬದಲಿಗೆ ಒಣಮೀನು ಹಾಕಬೇಡಿ, ಉಪ್ಪು ವಿಪರೀತ.

ಒಂದೇ ಕಡೆ ಚರ್ಮ ಕಾಣುವಷ್ಟು ಕೂದಲು ಹೋಗಿದ್ದರೆ, ಕೆಂಪಾಗಿದ್ದರೆ, ಸದಾ ಕೆರೆದುಕೊಳ್ಳುತ್ತಿದ್ದರೆ ಬಾಚಣಿಗೆ ಬದಿಗಿಟ್ಟು ಪಶುವೈದ್ಯರ ಹತ್ತಿರ ಹೋಗಿ. ಕಜ್ಜಿಹುಳ, ಫಂಗಸ್, ಥೈರಾಯ್ಡ್ ಏನೂ ಇರಬಹುದು. ಉಂಗುರದಂಥ ಹುಳುಕಡ್ಡಿ ಮನೆಯವರಿಗೂ ಹರಡುತ್ತದೆ, ಮಕ್ಕಳಿದ್ದರೆ ತಡ ಮಾಡಬೇಡಿ.

ಅತ್ತೆಗೆ ಹೇಳಿ, ಒಂದು ತಿಂಗಳು ನೋಡೋಣ ಅಂತ. ಊಟದ ಹೊತ್ತಿಗೆ ನಾಯಿ ಅಡಿಗೆಮನೆಯ ಹೊಸ್ತಿಲು ದಾಟದಂತೆ ನೀವು ನೋಡಿಕೊಳ್ಳಿ, ಅವರ ಮಾತಿನಲ್ಲೂ ನ್ಯಾಯವಿದೆ.

ಪ್ರಶ್ನೆ: ಪೊಮೇರಿಯನ್ ನಾಯಿಗೆ ತೆಂಗಿನೆಣ್ಣೆ ಹಚ್ಚಿದರೆ ಕೂದಲು ಉದುರುವುದು ಕಮ್ಮಿ ಆಗುತ್ತದಾ?
– ಓದುಗರೊಬ್ಬರು, ಕಂಕನಾಡಿ, ಮಂಗಳೂರು

ಉತ್ತರ: ಆಗುವುದಿಲ್ಲ. ಹಚ್ಚಿದ್ದನ್ನೆಲ್ಲ ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ, ಉಳಿದದ್ದಕ್ಕೆ ಧೂಳು ಹಿಡಿಯುತ್ತದೆ. ದಿನಾ ಬಾಚಿ, ಗಂಟು ಕಟ್ಟಿದ ಕಡೆ ಕೈಯಲ್ಲೇ ಬಿಡಿಸಿ.