ಮಳೆ ಬಿಟ್ಟ ಮೇಲೆ ಬರುವ ಸೀನು

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕಿ, ವಯಸ್ಸು 38. ಮೂರು ವರ್ಷಗಳಿಂದ ಮಹಾನವಮಿಯ ಹೊತ್ತಿಗೆ ಶುರುವಾಗುವ ನೆಗಡಿ ದೀಪಾವಳಿ ಕಳೆದರೂ ಬಿಡುವುದಿಲ್ಲ. ಎದ್ದೊಡನೆ ಹತ್ತಾರು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣು ಮತ್ತು ಅಂಗುಳಿನ ತುರಿಕೆ. ಜ್ವರ ಮಾತ್ರ ಒಮ್ಮೆಯೂ ಬಂದಿಲ್ಲ. ಇದು ಥಂಡಿ ಎಂದು ಅತ್ತೆಯವರು ಮೊಸರು, ಬಾಳೆಹಣ್ಣು ಬಿಡಿಸಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮೂಗಿನ ಹನಿ ಹಾಕಿಕೊಂಡರೆ ಕ್ಷಣದಲ್ಲಿ ಉಸಿರು ಸಲೀಸಾಗುತ್ತದೆ, ಆದರೆ ಒಂದು ತಿಂಗಳಿಂದ ಅದಿಲ್ಲದೆ ನಿದ್ದೆಯೇ ಬರುತ್ತಿಲ್ಲ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಮೂರು ದಿನ ಬಳಸಿ, ಗುಣ ಕಾಣದೆ ಬಿಟ್ಟೆ. ಮುಂದೇನು ಮಾಡಲಿ?

ಉತ್ತರ: ನೀವು ಬರೆದಿರುವ ಲಕ್ಷಣಗಳು ನೆಗಡಿಯದಲ್ಲ, ಮೂಗಿನ ಅಲರ್ಜಿಯವು. ನೆಗಡಿ ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಜ್ವರವಿಲ್ಲದೆ ಉಳಿದು, ಪ್ರತಿ ವರ್ಷ ಅದೇ ಕಾಲಕ್ಕೆ ಮರಳಿ, ಕಣ್ಣು ತುರಿಸುವಂತೆ ಮಾಡುವುದು ಅಲರ್ಜಿಯೇ. ಮೊಸರಿಗೂ ಇದಕ್ಕೂ ಸಂಬಂಧವಿಲ್ಲ. ಬಾಳೆಹಣ್ಣು ತಿಂದೊಡನೆ ಬಾಯಿ ತುರಿಸುವುದಾದರೆ ಮಾತ್ರ ಅದನ್ನು ಬಿಡಿ.

ನಿಮ್ಮ ಭಾಗದಲ್ಲಿ ಈ ಕಾಲಕ್ಕೆ ಕಾರಣಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ಮಳೆಯಲ್ಲಿ ಬೆಳೆದ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆ, ರಸ್ತೆಬದಿಯಲ್ಲೂ ಬೀಳುಭೂಮಿಯಲ್ಲೂ ಬಿಳಿ ಹೂವು ತುಂಬಿಕೊಂಡು ನಿಂತಿರುತ್ತದೆ. ಅಮೆರಿಕ ಖಂಡದ ಮೂಲದ ಈ ಗಿಡವನ್ನು ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಲಾಯಿತು. ಇಂದು ಅದರ ಪರಾಗ ಮೂಗಿಗೂ, ಎಲೆಕಾಂಡಗಳ ಸ್ಪರ್ಶ ಚರ್ಮಕ್ಕೂ ಅಲರ್ಜಿ ತರುತ್ತಿವೆ. ಇದರ ಜೊತೆಗೆ ಮೆಕ್ಕೆಜೋಳದ ಒಕ್ಕಣೆ. ಮೆಕ್ಕೆಜೋಳದ ಪರಾಗ ಭಾರವಾದದ್ದು, ದೂರ ಹಾರುವುದಿಲ್ಲ. ಆದರೆ ತೆನೆ ಬಿಡಿಸುವ ಯಂತ್ರದಿಂದ ಏಳುವ ಹೊಟ್ಟಿನ ದೂಳಿನಲ್ಲಿ ಬೂಷ್ಟಿನ ಕಣಗಳು ಬೆರೆತಿರುತ್ತವೆ. ಹಬ್ಬಕ್ಕೆಂದು ಅಟ್ಟ ಕೊಡವಿ, ಹಾಸಿಗೆ ಝಾಡಿಸಿ, ಸುಣ್ಣಬಣ್ಣ ಮಾಡಿಸುವುದೂ ಇದೇ ವಾರಗಳಲ್ಲಿ.

ಈಗ ನಿಮ್ಮ ಮೂಗಿನ ಹನಿಯ ವಿಷಯ. ನನಗೆ ಹೆಚ್ಚು ಆತಂಕ ತಂದಿರುವುದು ಅದೇ. ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಇರುವ ಹನಿಗಳು ಮೂಗಿನ ಒಳಗಿನ ರಕ್ತನಾಳಗಳನ್ನು ಕುಗ್ಗಿಸಿ ದಾರಿ ತೆರೆಯುತ್ತವೆ. ಮೂರರಿಂದ ಐದು ದಿನ ಮೀರಿ ಬಳಸಿದರೆ, ಔಷಧಿಯ ಪ್ರಭಾವ ಇಳಿದೊಡನೆ ಆ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬಿ ಮೂಗು ಮತ್ತೆ ಕಟ್ಟುತ್ತದೆ, ಮತ್ತೆ ಹನಿ ಬೇಕೆನಿಸುತ್ತದೆ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಈ ಚಕ್ರವೇ ಇರಬಹುದು. ಮನೆಯಲ್ಲಿ ರಕ್ತದೊತ್ತಡ ಇರುವವರಂತೂ ವೈದ್ಯರನ್ನು ಕೇಳದೆ ಆ ಹನಿಯನ್ನು ಮುಟ್ಟಬಾರದು. ವೈದ್ಯರಿಗೆ ಇದನ್ನು ಮುಚ್ಚಿಡದೆ ಹೇಳಿ. ಅವರ ಸಲಹೆಯ ಮೇರೆಗೆ ಸ್ಪ್ರೇಯನ್ನು ಪುನಃ ಆರಂಭಿಸಿ, ಹನಿಯನ್ನು ಮೊದಲು ಒಂದು ಹೊಳ್ಳೆಗೆ, ಕೆಲವು ದಿನಗಳ ನಂತರ ಇನ್ನೊಂದಕ್ಕೆ ನಿಲ್ಲಿಸಬಹುದು.

ಸ್ಪ್ರೇ ಮೂರು ದಿನದಲ್ಲಿ ಗುಣ ಕೊಡಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಅದು ಊತವನ್ನು ನಿಧಾನವಾಗಿ ಇಳಿಸುವ ಔಷಧಿ, ಪೂರ್ಣ ಫಲ ಕಾಣಲು ಎರಡು ವಾರ ಬೇಕಾಗಬಹುದು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಿಕೊಳ್ಳಿ. ಆಗ ಔಷಧಿ ಮೂಗಿನ ನಡುಗೋಡೆಗೆ ಬಡಿಯದೆ ಹೊರಬದಿಗೆ ಹೋಗುತ್ತದೆ, ರಕ್ತ ಬರುವುದೂ ತಪ್ಪುತ್ತದೆ. ಜೋರಾಗಿ ಒಳಕ್ಕೆ ಎಳೆದರೆ ಅದು ಗಂಟಲಿಗಿಳಿದು ವ್ಯರ್ಥವಾಗುತ್ತದೆ. ಬರುವ ವರ್ಷ ಸೀನು ಬರುವವರೆಗೆ ಕಾಯದೆ, ವೈದ್ಯರನ್ನು ಕೇಳಿ ಪಿತೃಪಕ್ಷದ ಹೊತ್ತಿಗೇ ಸ್ಪ್ರೇ ಆರಂಭಿಸಿ.

ಶಾಲೆಯಿಂದ ಬಂದೊಡನೆ ಕೈಕಾಲು ಮುಖ ತೊಳೆದು ಸೀರೆ ಬದಲಿಸಿ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ ಮೂಗು ತೊಳೆಯುವುದೂ ಹಿತಕರ, ಆದರೆ ನಲ್ಲಿಯ ಹಸಿ ನೀರು ಬೇಡ. ಹಾಸಿಗೆ ಕೊಡವುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ. ಶಿಕ್ಷಕಿಯಾದ ತಮ್ಮಲ್ಲಿ ಇನ್ನೊಂದು ವಿನಂತಿ: ಶ್ರಮದಾನದ ದಿನ ಮಕ್ಕಳಿಂದ ಬರಿಗೈಯಲ್ಲಿ ಪಾರ್ಥೇನಿಯಂ ಕೀಳಿಸಬೇಡಿ. ದೊಡ್ಡವರು ಕೈಗವಸು, ಮಾಸ್ಕ್ ಹಾಕಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು.

ಪ್ರಶ್ನೆ: ನಾನು ಚಿತ್ರದುರ್ಗದ ಲಾರಿ ಚಾಲಕ. ಇದೇ ತೊಂದರೆಗೆ ಮಾತ್ರೆ ನುಂಗಿದರೆ ಹೆದ್ದಾರಿಯಲ್ಲಿ ತೂಕಡಿಕೆ ಬರುತ್ತದೆ. ಇತ್ತೀಚೆಗೆ ರಾತ್ರಿ ಎದೆಯಲ್ಲಿ ಸಿಳ್ಳೆಯಂಥ ಸದ್ದೂ ಬರುತ್ತಿದೆ.

ಉತ್ತರ: ಕ್ಲೋರ್‌ಫೆನಿರಮಿನ್ ಇರುವ ಹಳೆಯ ಮಾತ್ರೆಗಳು ಖಂಡಿತವಾಗಿ ಮಂಪರು ತರುತ್ತವೆ, ಸೆಟಿರಿಜಿನ್ ಕೂಡ ಕೆಲವರಿಗೆ ತರುತ್ತದೆ. ಅವನ್ನು ನುಂಗಿ ಸ್ಟಿಯರಿಂಗ್ ಹಿಡಿಯಬೇಡಿ. ಫೆಕ್ಸೊಫೆನಡಿನ್‌ನಿಂದ ಮಂಪರು ಬರುವುದು ಬಹಳ ಕಡಿಮೆ, ಅದು ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ಅದರ ಫಲ ತಗ್ಗುವುದರಿಂದ ನೀರಿನಲ್ಲೇ ನುಂಗಬೇಕು. ಎದೆಯ ಸದ್ದನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮೂಗಿನ ಅಲರ್ಜಿ ಇರುವವರಲ್ಲಿ ಆಸ್ತಮಾ ಜೊತೆಗೂಡುವುದು ಸಾಮಾನ್ಯ, ಅದಕ್ಕೆ ಇನ್‌ಹೇಲರ್ ಬೇಕಾಗುತ್ತದೆ. ಈ ವಾರವೇ ಜಿಲ್ಲಾ ಆಸ್ಪತ್ರೆಯಲ್ಲಾದರೂ ತೋರಿಸಿ. ಒಂದು ವಾಕ್ಯ ಪೂರ್ತಿ ಮಾತಾಡಲೂ ಉಸಿರು ಸಾಲದಂತಾದರೆ ಬೆಳಗಾಗುವುದನ್ನು ಕಾಯದೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.