ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಇಂಡಸ್ಟ್ರಿಯಲ್ ಆಟೊಮೇಷನ್ ಕೆಲಸಕ್ಕೆ ಪಿಎಲ್‌ಸಿ ಕೋರ್ಸ್ ಒಂದೇ ಸಾಕಾ?

ಸಾಲದು. ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಪ್ಯೂಟರ್, ಬೇಕೇ ಬೇಕು, ಆದರೆ ಅದಕ್ಕೂ ಮೊದಲು ವೈರಿಂಗ್ ಕೈಗೆ ಹತ್ತಬೇಕು.

ಲ್ಯಾಬ್‌ನಲ್ಲಿ ಒಂದು ಕಾಂಟ್ಯಾಕ್ಟರ್ (ಕರೆಂಟಿನಿಂದ ಕೂಡಿ ಬಿಡುವ ದೊಡ್ಡ ಸ್ವಿಚ್), ಓವರ್‌ಲೋಡ್ ರಿಲೇ (ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ನಿಲ್ಲಿಸುವುದು), ಎರಡು ಪುಶ್ ಬಟನ್ ತಗೊಂಡು ಮೋಟಾರ್ ಸ್ಟಾರ್ಟರ್ ನೀವೇ ಕಟ್ಟಿ. ಆಗ ಒಂದು ವಿಷಯ ಗೊತ್ತಾಗುತ್ತದೆ. ಸ್ಟಾರ್ಟ್ ಬಟನ್ ಒತ್ತಿದರೆ ಸರ್ಕ್ಯೂಟ್ ಕೂಡುತ್ತದೆ, ಸ್ಟಾಪ್ ಒತ್ತಿದರೆ ಬಿಡುತ್ತದೆ. ಸ್ಟಾಪ್ ಯಾಕೆ ಉಲ್ಟಾ? ಅದರ ವೈರ್ ತುಂಡಾದರೂ ಮೋಟಾರ್ ತಾನಾಗೇ ನಿಲ್ಲಲಿ ಅಂತ. ಇಲ್ಲದಿದ್ದರೆ ಬೆಲ್ಟಿಗೆ ಯಾರದ್ದೋ ಕೈ ಸಿಕ್ಕಾಗ ಬಟನ್ ಒತ್ತಿದರೂ ಮೆಷಿನ್ ಓಡುತ್ತಲೇ ಇರುತ್ತದೆ. ಇಷ್ಟು ಅರ್ಥವಾದರೆ ಪಿಎಲ್‌ಸಿಗೆ ಬರೆಯುವ ಲ್ಯಾಡರ್ ಪ್ರೋಗ್ರಾಂ ಕಷ್ಟವಲ್ಲ. ಅದು ರಿಲೇ ಸರ್ಕ್ಯೂಟಿನ ಚಿತ್ರವೇ ಅಲ್ವಾ?

ಸೆನ್ಸರ್‌ನಲ್ಲೂ ಇದೇ ಯೋಚನೆ. ಮಟ್ಟ, ಒತ್ತಡ ಅಳೆಯುವ ಸೆನ್ಸರ್‌ನ ಸಿಗ್ನಲ್ ಸಾಮಾನ್ಯವಾಗಿ 4ರಿಂದ 20 ಮಿಲಿಆಂಪ್. ಟ್ಯಾಂಕ್ ಖಾಲಿಯಿದ್ದರೂ 4 ಬರುತ್ತದೆ. ಸೊನ್ನೆ ಬಂತು ಅಂದರೆ ಮೊದಲು ವೈರ್ ನೋಡಿ.

ಆಮೇಲೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್), ಎಚ್‌ಎಂಐ (ಆಪರೇಟರ್ ನೋಡಿ ಒತ್ತುವ ಸ್ಕ್ರೀನ್), ಸ್ವಲ್ಪ ಮಾಡ್‌ಬಸ್ (ಈ ಸಾಧನಗಳು ಒಂದಕ್ಕೊಂದು ಡೇಟಾ ಕಳಿಸುವ ರೀತಿ). ಸೀಮೆನ್ಸೋ ಡೆಲ್ಟಾನೋ, ಯಾವುದಾದರೂ ಒಂದು ಬ್ರ್ಯಾಂಡ್ ಚೆನ್ನಾಗಿ ಕಲಿಯಿರಿ. ಶುರುವಿನಲ್ಲೇ ಸುಮ್ನೆ ದೊಡ್ಡ ಫೀಸು ಕಟ್ಟಬೇಡಿ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಕೋಡೆಸಿಸ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಪಿಎಲ್‌ಸಿ ಇಲ್ಲದೆಯೂ ಅದರಲ್ಲೇ ಸಿಮ್ಯುಲೇಷನ್ ಮಾಡಬಹುದು.

ರಜೆಯಲ್ಲಿ ಮಾತ್ರ ಮನೆಯಲ್ಲಿ ಕೂರಬೇಡಿ. ಪಕ್ಕದ ಹರಿಹರದಲ್ಲಿ ಫ್ಯಾಕ್ಟರಿಗಳಿವೆ, ಇಲ್ಲೇ ರೈಸ್ ಮಿಲ್‌ಗಳಿವೆ. ಹೋಗಿ ಕೇಳಿ. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ. ಒಳಗೆ ಬಿಟ್ಟರೆ, ಎಲೆಕ್ಟ್ರಿಷಿಯನ್ ಪ್ಯಾನಲ್ ಬಾಗಿಲು ತೆಗೆದಾಗ ಪಕ್ಕದಲ್ಲೇ ನಿಂತು, ಡ್ರಾಯಿಂಗ್‌ನಲ್ಲಿರುವ ವೈರ್ ನಂಬರ್ ಪ್ಯಾನಲ್‌ನಲ್ಲಿ ಎಲ್ಲಿದೆ ಅಂತ ಹುಡುಕಿ.