ಟಾಮಿ ಜಾನ್ ಡಾಕ್ಟರಲ್ಲ, ರೋಗಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ಮೊಮ್ಮಗನಿಗೆ 14 ವರ್ಷ. ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್. ಮೊನ್ನೆ ಫೋನಿನಲ್ಲಿ, ‘ನನ್ನ ಫ್ರೆಂಡ್‌ಗೆ ಟಾಮಿ ಜಾನ್ ಮಾಡಿಸಿದ್ರು, ಇನ್ನು ಮೊದಲಿಗಿಂತ ಜೋರಾಗಿ ಎಸೀತಾನೆ’ ಎಂದ. ಈ ಡಾಕ್ಟರ್ ಟಾಮಿ ಜಾನ್ ಯಾರು? ಹುಡುಗ ಹೇಳಿದ್ದು ನಿಜವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಟಾಮಿ ಜಾನ್ ಡಾಕ್ಟರಲ್ಲ ಸ್ವಾಮೀ, ಆಪರೇಷನ್ ಮೇಜಿನ ಮೇಲೆ ಮಲಗಿದ್ದವರು. ಕತ್ತರಿ ಹಿಡಿದು ನಿಂತಿದ್ದವರು ಲಾಸ್ ಏಂಜಲೀಸ್‌ನ ಫ್ರಾಂಕ್ ಜೋಬ್. ಮೊಣಕೈಯ ಆ ಆಪರೇಷನ್‌ಗೆ ಹೆಸರು ಮಾತ್ರ ರೋಗಿಯದೇ ಬಿತ್ತು. ಅಮೆರಿಕದಲ್ಲೇ ಎಷ್ಟೋ ಜನ ನಿಮ್ಮ ಹಾಗೆಯೇ ತಿಳಿದಿದ್ದಾರೆ, ಸಂಕೋಚ ಬೇಡ.

ಜಾನ್ ಹುಟ್ಟಿದ್ದು 1943ರಲ್ಲಿ, ಇಂಡಿಯಾನಾದ ಟೆರ್ರೆ ಹೋಟ್‌ನಲ್ಲಿ. ಎಡಗೈ ಪಿಚರ್. ಇಪ್ಪತ್ತಕ್ಕೇ ಕ್ಲೀವ್‌ಲ್ಯಾಂಡ್ ಪರ ಆಡಿ, ಶಿಕಾಗೋ ವೈಟ್ ಸಾಕ್ಸ್‌ನಲ್ಲಿ ಏಳು ವರ್ಷ ಕಳೆದು, 1972ರಲ್ಲಿ ಲಾಸ್ ಏಂಜಲೀಸ್‌ನ ಡಾಜರ್ಸ್ ಸೇರಿದರು. ವೇಗದವರಲ್ಲ. ಬ್ಯಾಟಿನ ಹತ್ತಿರ ಬಂದು ತಟ್ಟನೆ ತಗ್ಗುವ ‘ಸಿಂಕರ್’ ಅವರ ಅನ್ನ. ಬ್ಯಾಟ್ಸ್‌ಮನ್ ಎಷ್ಟು ಬೀಸಿದರೂ ಚೆಂಡು ನೆಲ ಹಿಡಿದೇ ಉರುಳುತ್ತಿತ್ತು. 1974ರ ಸೀಸನ್‌ನಲ್ಲಂತೂ ಅವರ ಹೆಸರಿಗೆ 13 ಗೆಲುವು, 3 ಸೋಲು (ಅಲ್ಲಿ ಪಂದ್ಯದ ಗೆಲುವು-ಸೋಲನ್ನು ಪಿಚರ್ ಲೆಕ್ಕಕ್ಕೆ ಬರೆಯುತ್ತಾರೆ). ಜುಲೈ 17ರಂದು ಮಾಂಟ್ರಿಯಲ್ ವಿರುದ್ಧ ಎಸೆಯುತ್ತಿದ್ದಾಗ ಮೊಣಕೈಯ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ, ಹರಿಯಿತು.

ನಮ್ಮ ಕ್ರಿಕೆಟ್ ಬೌಲರ್ ಕೈಯನ್ನು ನೆಟ್ಟಗೆ ತಿರುಗಿಸುತ್ತಾನೆ. ಪಿಚರ್ ಮೊಣಕೈ ಮಡಚಿ ಚಾಟಿಯಂತೆ ಬೀಸುತ್ತಾನೆ. ಆಗ ಒಳಬದಿಯಲ್ಲಿ ಬಾಯಿ ಬಿಡಲು ಹೊರಡುವ ಕೀಲನ್ನು ಬಿಗಿಹಿಡಿಯುವುದು ಆ ಪಟ್ಟಿ. ಅದು ಹರಿದರೆ ಅಂದಿನ ಕಾಲಕ್ಕೆ ಗಂಟುಮೂಟೆ ಕಟ್ಟಿದ ಹಾಗೆಯೇ.

ಸೆಪ್ಟೆಂಬರ್ 25ರಂದು ಜೋಬ್ ಅವರು ಜಾನ್‌ರ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈ ಮೂಳೆಗಳಿಗೆ ತೂತು ಕೊರೆದು, ಹಗ್ಗದ ಮಂಚ ಹೆಣೆದಂತೆ ಅದನ್ನು ಹೆಣೆದರು. (ಹೆಬ್ಬೆರಳು, ಕಿರುಬೆರಳು ತಾಗಿಸಿ ಮಣಿಕಟ್ಟು ತುಸು ಮಡಚಿ ನೋಡಿ; ನಡುವೆ ಎದ್ದು ನಿಲ್ಲುವ ಎಳೆಯೇ ಅದು. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲದಿದ್ದರೆ ಗಾಬರಿಯಾಗಬೇಡಿ, ನಷ್ಟವೇನಿಲ್ಲ.) ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದಿದ್ದರು ಜೋಬ್. ಅದೂ ಕೈ ತಪ್ಪುವಂತಿತ್ತು: ನರಕ್ಕೆ ಪೆಟ್ಟಾಗಿ ಬೆರಳುಗಳು ಕೊಕ್ಕೆಯಂತೆ ಮುದುಡಿಕೊಂಡವು. ಡಿಸೆಂಬರ್‌ನಲ್ಲಿ ಎರಡನೇ ಆಪರೇಷನ್. 1975 ಪೂರ್ತಿ ಆಟವಿಲ್ಲ. ಅನುಕರಿಸಲು ಯಾರಾದರೂ ಗುಣವಾಗಿ ಬಂದವರಿದ್ದಾರೆಯೇ ಎಂದರೆ, ಒಬ್ಬರೂ ಇರಲಿಲ್ಲ. ಆ ಹೆಸರು ರೋಗಿಗೇ ಸಲ್ಲಬೇಕಿತ್ತು ಎಂದು ನನಗನ್ನಿಸುವುದು ಇದಕ್ಕೇ.

1976ರಲ್ಲಿ ಮರಳಿದರು. ಮರುವರ್ಷ 20 ಗೆಲುವು. ನ್ಯೂಯಾರ್ಕ್‌ನ ಯಾಂಕೀಸ್ ತಂಡ ಸೇರಿ 1979ರಲ್ಲಿ 21, 1980ರಲ್ಲಿ 22. ಒಟ್ಟು 288 ಗೆಲುವುಗಳಲ್ಲಿ 164 ಆಪರೇಷನ್ ಆದ ಮೇಲಿನವು! ಆಟ ಬಿಟ್ಟದ್ದು 1989ರಲ್ಲಿ, 46ನೇ ವಯಸ್ಸಿನಲ್ಲಿ. ಅದೃಷ್ಟ ಮಾತ್ರ ಚೇಷ್ಟೆ ಮಾಡಿತು: 1977, 1978ರ ವಿಶ್ವ ಸರಣಿಗಳಲ್ಲಿ (ಅಲ್ಲಿನ ಬೇಸ್‌ಬಾಲ್‌ನ ವರ್ಷದ ಫೈನಲ್) ಡಾಜರ್ಸ್ ಪರ ಆಡಿ ಯಾಂಕೀಸ್ ಕೈಲಿ ಸೋತರು, 1981ರಲ್ಲಿ ಯಾಂಕೀಸ್ ಪರ ಆಡಿ ಡಾಜರ್ಸ್ ಕೈಲಿ ಸೋತರು. 1988ರಲ್ಲೊಮ್ಮೆ ಒಂದೇ ಚೆಂಡಿಗೆ ಮೂರು ತಪ್ಪು ಮಾಡಿದರು. ಉರುಳಿ ಬಂದದ್ದನ್ನು ಹಿಡಿಯಲಾರದೆ ಒಂದು, ಎಲ್ಲಿಗೋ ಎಸೆದು ಇನ್ನೊಂದು, ವಾಪಸ್ ಬಂದದ್ದನ್ನು ಮತ್ತೆಲ್ಲಿಗೋ ಎಸೆದು ಮೂರನೆಯದು. ಆ ಪಂದ್ಯ ಗೆದ್ದರು ಎಂಬುದು ಬೇರೆ ಮಾತು. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಶೇ 75 ಮತ ಬೇಕು. ಪತ್ರಕರ್ತರು ಹದಿನೈದು ವರ್ಷ ಮತ ಹಾಕಿದರೂ ಅಷ್ಟು ಬರಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನು ಹುಡುಗನ ಮಾತು. ಹೊಸ ಎಳೆ ವೇಗ ಕೊಡುವುದಿಲ್ಲ, ಕೀಲನ್ನು ಹಿಡಿದಿಡುತ್ತದೆ ಅಷ್ಟೆ. ವೇಗ ಕಾಲು, ಸೊಂಟ, ಭುಜಗಳದ್ದು. ಆಪರೇಷನ್ ಆದವರು ವರ್ಷದ ಮೇಲೆ ಅಂಗಸಾಧನೆ ಮಾಡಿ, ವಿಶ್ರಾಂತಿ ಪಡೆದು ಬರುವುದರಿಂದ ಜೋರಾದಂತೆ ಕಾಣಬಹುದು. ಅದನ್ನು ಕೈ ಕೊಯ್ಯಿಸಿಕೊಳ್ಳದೆಯೂ ಮಾಡಬಹುದು. ಮಕ್ಕಳ ಮೊಣಕೈಗಳು ಹೀಗೆ ಮೇಜು ಹತ್ತುತ್ತಿರುವುದಕ್ಕೆ ಸ್ವತಃ ಜಾನ್ ಬಹಿರಂಗವಾಗಿ ಬೇಸರಪಟ್ಟಿದ್ದಾರೆ.

ಮುಂದಿನ ಸಲ ಫೋನ್ ಬಂದಾಗ ಒಂದು ದಿನಕ್ಕೆ ಎಷ್ಟು ಎಸೆತ ಎಂದು ಕೇಳಿ. ಅಲ್ಲಿನ ‘ಪಿಚ್ ಸ್ಮಾರ್ಟ್’ ಸೂಚನೆಯಂತೆ ಅವನ ವಯಸ್ಸಿಗೆ 95 ಗರಿಷ್ಠ. 66 ಮುಟ್ಟಿದರೆ ನಾಲ್ಕು ದಿನ ಚೆಂಡಿಗೆ ರಜೆ. ಶನಿವಾರ ಒಂದು ತಂಡಕ್ಕೆ, ಭಾನುವಾರ ಇನ್ನೊಂದಕ್ಕೆ ಎಸೆಯುತ್ತೇನೆ ಎಂದರೆ ಫೋನನ್ನು ಅವನಪ್ಪನಿಗೆ ಕೊಡಲು ಹೇಳಿ.